ಆಯಿಗೆ ಕಾಣುವಷ್ಟು ಹೊಲ

“ಬಲಗಡಿ ಕೆನ್ನಿಗೆ ಹೊಡಿ. ಎಡಗಡಿ ಹೊಡದ್ರ ಅದಕ್ಕ ಸಿಟ್ಟ ಬರತೈತಿ” ಎಂದಳು ಆಯಿ.

ಬ್ರಾಹ್ಮಿ ಮಾನಿಟರಿನ ಬಲಗಡೆ ಅಂಗೈಯಿಂದ ತಟ್ಟಿದಳು. ಪರದೆ ಒಮ್ಮೆ ಮಿಣುಕಿ ಮತ್ತೆ ಕಪ್ಪಾಯಿತು. ಇನ್ನೊಂದು ಏಟು ಬಿದ್ದ ಮೇಲೆ, ಆಕಳಿಸುತ್ತ ಏಳುವ ಸೋಮಾರಿಯ ಹಾಗೆ ನಿಧಾನವಾಗಿ ಬೆಳಕಾಯಿತು. ಹಸಿರು ಹೊಲ ಕಾಣಿಸಿತು.

“ಬಂತ ನೋಡ” ಎಂದು ಆಯಿ ತನ್ನ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

ಹೊರಗೆ ಇನ್ನೂ ಸ್ವಲ್ಪ ಬಿಸಿಲಿತ್ತು. ಆದರೆ ಈ ಮನೆಯಲ್ಲಿ ರಾತ್ರಿಯ ಊಟ ಮುಗಿದು, ಪಾತ್ರೆಗಳನ್ನೂ ತೊಳೆದು ಬೋರಲು ಹಾಕಿ ಆಗಿತ್ತು. ಹೊತ್ತು ಮುಳುಗಿದ ಮೇಲೆ ಇಲ್ಲಿ ಯಾರೂ ಊಟ ಮಾಡುವುದಿಲ್ಲ. ಜೈನರ ಮನೆಯ ಪದ್ಧತಿ ಅದು. ಪಕ್ಕದ ಮನೆಯ ಸಂಗ್ರಾಮನ ಅವ್ವ ಒಗ್ಗರಣೆ ಹಾಕುವಷ್ಟರಲ್ಲಿ ಬ್ರಾಹ್ಮಿ ಉಂಡದ್ದು ಅರಗಿಯೇ ಹೋಗಿರುತ್ತಿತ್ತು. ಹೀಗಾಗಿ ಇಡೀ ಸದಲಗಾ ಊರಿನಲ್ಲಿ ಎಲ್ಲರಿಗಿಂತ ಉದ್ದನೆಯ ಸಂಜೆ ಸಿಗುವುದು ತಮ್ಮಿಬ್ಬರಿಗೇ ಎಂದು ಬ್ರಾಹ್ಮಿ ತಿಳಿದಿದ್ದಳು. ಇಬ್ಬರು ಎಂದರೆ ಆರನೆಯ ಇಯತ್ತೆಯ ಬ್ರಾಹ್ಮಿ ಮತ್ತು ಅವಳ ಆಯಿ ಕಮಲಾಬಾಯಿ, ಅಪ್ಪನ ತಾಯಿ.

ಆ ಉದ್ದನೆಯ ಸಂಜೆಯಲ್ಲಿ ಅವರಿಬ್ಬರೂ ಒಕ್ಕಲುತನ ಮಾಡುತ್ತಿದ್ದರು. ಅದೂ ಕಂಪ್ಯೂಟರಿನಲ್ಲಿ.

ಅದೊಂದು ಹಳೆಯ ಆಟ. ಪರದೆಯ ತುಂಬ ಚೌಕ ಚೌಕ ಮಡಿಗಳು. ಬೀಜ ಹಾಕಬೇಕು, ನೀರು ಬಿಡಬೇಕು, ಬೆಳೆದದ್ದನ್ನು ಕೊಯ್ದು ಸಂತೆಗೆ ಕಳಿಸಬೇಕು. ನೀರು ಕಡಿಮೆಯಾದ ಮಡಿಯ ಬಣ್ಣ ತುಸು ಮಾಸುತ್ತದೆ. ಅದನ್ನು ಬೇಗ ಗುರುತಿಸಿ ನೀರು ಬಿಡದಿದ್ದರೆ ಬೆಳೆ ಹೋಯಿತು. ಮೌಸ್ ಹಿಡಿಯುವ ಕೆಲಸ ಬ್ರಾಹ್ಮಿಯದು, ನೋಡುವ ಕೆಲಸ ಆಯಿಯದು. ಬ್ರಾಹ್ಮಿಗೆ ಎಲ್ಲವೂ ಒಂದೇ ಹಸಿರಾಗಿ ಕಾಣುವಾಗಲೇ ಆಯಿ ಬೆರಳು ಚಾಚಿ, “ಆ ಮೂಲಿ ಮಡಿ ಬಾಡಾಕತ್ತೇತಿ” ಎನ್ನುತ್ತಿದ್ದಳು. ಒಂದು ದಿನವೂ ಅವಳ ಮಾತು ತಪ್ಪಿರಲಿಲ್ಲ.

ತಪ್ಪುವುದಾದರೂ ಹೇಗೆ? ಮದುವೆಯಾಗಿ ಬಂದ ಹೊಸದರಲ್ಲಿ ದೂಧಗಂಗೆಯ ದಂಡೆಯ ಹೊಲದಲ್ಲಿ, ಸಲಿಕೆ ಹಿಡಿದು ಮಡಿಯಿಂದ ಮಡಿಗೆ ನೀರು ತಿರುಗಿಸಿದವಳು ಅವಳು. ಈಗ ಆ ಹೊಲದ ತುಂಬ ಡ್ರಿಪ್ ಪೈಪುಗಳಿವೆ. ಬಟನ್ ಒತ್ತಿದರೆ ಕಬ್ಬಿನ ಬುಡಕ್ಕೇ ನೀರು ಹೋಗುತ್ತದೆ. ಎಲ್ಲಿ ಒಣಗಿದೆ ಎಂದು ಆಯಿಯನ್ನು ಕೇಳುವವರು ಯಾರೂ ಇಲ್ಲ. ಬ್ರಾಹ್ಮಿ ಒಬ್ಬಳೇ ಕೇಳುತ್ತಿದ್ದಳು.

ಆಯಿಯ ಒಕ್ಕಲುತನಕ್ಕೆ ಕಟ್ಟುನಿಟ್ಟಾದ ಕಾನೂನುಗಳಿದ್ದವು. ಆ ಆಟದಲ್ಲಿ ಬೇಗ ಮುಂದಿನ ಲೆವೆಲ್ಲಿಗೆ ಹೋಗಬೇಕಾದರೆ ಬಟಾಟಿ, ಗಜ್ಜರಿ ಬೆಳೆಯಬೇಕು. ಆಯಿ ಸುತರಾಂ ಒಪ್ಪಲಿಲ್ಲ. ಗಡ್ಡೆ ಕಿತ್ತರೆ ನೆಲದೊಳಗಿನ ಎಷ್ಟೋ ಜೀವಗಳು ಸಾಯುತ್ತವೆ, ನಾವು ತಿನ್ನದ್ದನ್ನು ಬೆಳೆಯುವುದು ಯಾಕೆ ಎಂದಳು. ಇದು ಬರೀ ಆಟ ಎಂದು ಬ್ರಾಹ್ಮಿ ವಾದಿಸಿದ್ದಳು.

“ಆಟ ಆದ್ರೇನಾತು, ಕೈ ನಮ್ಮದ ಐತಿಲ್ಲ?” ಎಂದಿದ್ದಳು ಆಯಿ.

ಹುಳ ಬಿದ್ದರೆ ಔಷಧ ಹೊಡೆಯುವ ಬಟನ್ನನ್ನೂ ಮುಟ್ಟುವ ಹಾಗಿರಲಿಲ್ಲ. ಹುಳ ತಿಂದು ಬಿಟ್ಟದ್ದು ಇವರಿಗೆ. ಹೀಗಾಗಿ ಎರಡನೆಯ ಇಯತ್ತೆಯಲ್ಲಿ ಆಡಲು ಶುರು ಮಾಡಿದ ಬ್ರಾಹ್ಮಿ ಆರನೆಯ ಇಯತ್ತೆಗೆ ಬಂದರೂ ಅವರ ಹೊಲ ಮಾತ್ರ ಇನ್ನೂ ಮೂರನೆಯ ಲೆವೆಲ್ಲಿನಲ್ಲೇ ಇತ್ತು. ಸಂಗ್ರಾಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಗಲಿ ಬಿಡು ಎಂದು ಇಬ್ಬರೂ ಸುಮ್ಮನಿದ್ದರು.

ಆ ಮಾನಿಟರ್ ಬ್ರಾಹ್ಮಿಗಿಂತ ಹಿರಿಯದು. ಅಪ್ಪ ಭಾವುಸಾಹೇಬನ ಫೋಟೋ ಸ್ಟುಡಿಯೋದಿಂದ ರಿಟೈರ್ ಆಗಿ ಮನೆಗೆ ಬಂದದ್ದು. ಅರ್ಧ ಊರಿನ ಮದುವೆಗಳನ್ನು ಅದು ನೋಡಿತ್ತು. ಬ್ರಾಹ್ಮಿಯ ತೊಟ್ಟಿಲ ಫೋಟೋ ಕೂಡ ಅದರಲ್ಲೇ ತಯಾರಾಗಿತ್ತು. ಚೌಕನೆಯ ಅದರ ಅಂಚು ಹಳದಿ ತಿರುಗಿತ್ತು. ಕೆಳಗೆ, ಅವಳು ಒಂದನೆಯ ಇಯತ್ತೆಯಲ್ಲಿದ್ದಾಗ ಅಂಟಿಸಿದ ಗಿಳಿಯ ಸ್ಟಿಕರ್ ಇತ್ತು. ಪರದೆಯ ಎಡಮೂಲೆಯಲ್ಲಿ ಒಂದು ಚುಕ್ಕೆ ಕೆಟ್ಟು ಸದಾ ಕೆಂಪಗೆ ಹೊಳೆಯುತ್ತಿತ್ತು. ಆಟ ಶುರುವಾದರೆ ಅದು ಹೊಲದ ಮೂಲೆಗೆ ಬರುತ್ತಿತ್ತು. ಆಯಿ ಅದನ್ನು ಮೆಣಸಿನಹಣ್ಣು ಎನ್ನುತ್ತಿದ್ದಳು. ನಾವು ಬಿತ್ತದೆಯೇ ಬೆಳೆದದ್ದು ಅದೊಂದೇ ಎಂದು ಅವಳಿಗೆ ಅದರ ಮೇಲೆ ವಿಶೇಷ ಪ್ರೀತಿ.

ಒಂದು ಶನಿವಾರ ಬಲಗೆನ್ನೆಗೆ ಹೊಡೆದರೂ ಮಾನಿಟರ್ ಏಳಲಿಲ್ಲ, ಎಡಗೆನ್ನೆಗೆ ಹೊಡೆದರೂ ಏಳಲಿಲ್ಲ. ಅಪ್ಪ ವೈರುಗಳನ್ನು ಕಿತ್ತು ಮತ್ತೆ ಚುಚ್ಚಿ ನೋಡಿದ. ಇದರ ಆಯುಷ್ಯ ತೀರಿತು ಎಂದ. ಹೋದ ವರ್ಷ ಕಂಪ್ಯೂಟರಿನ ಡಬ್ಬಿ ಬದಲಾಯಿಸಿದಾಗಲೇ ಮಾನಿಟರನ್ನೂ ಬದಲಾಯಿಸಬೇಕಿತ್ತು, ನಾಳೆ ನಿಪ್ಪಾಣಿಗೆ ಹೋಗೋಣ, ನಿನಗೆ ಬೇಕಾದ್ದನ್ನು ನೀನೇ ಆರಿಸು ಎಂದೂ ಹೇಳಿದ.

ಬ್ರಾಹ್ಮಿಗೆ ಒಂದು ಕ್ಷಣ ಬೇಸರವಾಯಿತು. ಸುಳ್ಳು ಯಾಕೆ ಹೇಳಬೇಕು, ಮರುಕ್ಷಣವೇ ಖುಷಿಯಾಯಿತು.

ಅವಳಿಗಿಂತ ಹೆಚ್ಚು ಖುಷಿಯಾದದ್ದು ಸಂಗ್ರಾಮನಿಗೆ. ಯೂಟ್ಯೂಬ್ ನೋಡಿ ನೋಡಿ ಅವನು ಮಾನಿಟರುಗಳ ಪಂಡಿತನಾಗಿದ್ದ. ರೆಸಲ್ಯೂಷನ್ ಎಷ್ಟು ಜಾಸ್ತಿಯೋ ಅಷ್ಟು ಒಳ್ಳೆಯದು, ಫೋರ್ ಕೆ ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕಬೇಡ, ಕಾರ್ ರೇಸ್ ಆಡುವಾಗ ರಸ್ತೆಯ ಮೇಲಿನ ಹರಳು ಕೂಡ ಎಣಿಸಬಹುದು ಎಂದು ಕಾಂಪೌಂಡ್ ಗೋಡೆಯ ಮೇಲೆ ಕೂತು ಪಾಠ ಮಾಡಿದ.

ನಿಪ್ಪಾಣಿಯ ಅಂಗಡಿಯನ್ನು ನಡೆಸುತ್ತಿದ್ದವರು ಕುಸುಮ ಎಂಬ ಅಕ್ಕ. ಅಪ್ಪ ಬ್ರಾಹ್ಮಿಯನ್ನು ಬಾಗಿಲಲ್ಲಿ ಇಳಿಸಿ, ವ್ಯಾನ್ ನಿಲ್ಲಿಸಲು ಜಾಗ ಹುಡುಕುತ್ತ ಮುಂದೆ ಹೋದ. ಒಳಗೆ ಒಂದರ ಪಕ್ಕ ಒಂದು ಮಾನಿಟರ್, ಎಲ್ಲದರಲ್ಲೂ ಒಂದೇ ಕಾಡಿನ ವಿಡಿಯೋ. ಒಂದರಲ್ಲಿ ಗಿಡ ಚೆನ್ನಾಗಿ ಕಾಣುತ್ತಿತ್ತು. ಇನ್ನೊಂದರಲ್ಲಿ ಗಿಡದ ಎಲೆ, ಎಲೆಯ ನರ, ನರದ ಮೇಲಿನ ಇರುವೆ ಕೂಡ ಕಾಣುತ್ತಿತ್ತು. ಬ್ರಾಹ್ಮಿ ಅಲ್ಲಿಂದ ಅಲುಗಾಡಲಿಲ್ಲ.

“ಅದು ಫೋರ್ ಕೆ” ಎಂದರು ಕುಸುಮ. “ನಿಮ್ಮದು ಹೊಲ ಐತಿ?”

“ಐತ್ರಿ. ಕಬ್ಬು.”

“ಹಂಗಾದ್ರ ನಿನಗ ಲಗೂ ತಿಳಿತೈತಿ. ಒಂದ ಎಕರೆ ಹೊಲದಾಗ ನಾಲ್ಕ ಮಡಿ ಮಾಡಬಹುದು, ನಲವತ್ತ ಮಡಿನೂ ಮಾಡಬಹುದು. ಹೊಲ ಅಷ್ಟs ಇರತೈತಿ. ಮಡಿ ಜಾಸ್ತಿ ಆದಂಗ ಒಂದೊಂದ ಮಡಿ ಸಣ್ಣದ ಆಗತೈತಿ. ರೆಸಲ್ಯೂಷನ್ ಅಂದ್ರ ಅಷ್ಟs.”

ಆಮೇಲೆ ಅವರು ಏನೇನೋ ವಿಚಾರಿಸಿದರು. ಕಂಪ್ಯೂಟರಿನ ಡಬ್ಬಿ ಯಾವುದು, ಯಾವ ಯಾವ ಆಟ ಆಡುತ್ತೀ ಎಂದೆಲ್ಲ ಕೇಳಿದರು. ಕಾರ್ ರೇಸ್ ಎಂದು ಬ್ರಾಹ್ಮಿ ಜಂಬದಿಂದಲೇ ಹೇಳಿದಳು.

“ಇದರ ಮುಂದ ಯಾರ ಯಾರ ಕೂಡತೀರಿ?” ಕುಸುಮ ಕೊನೆಗೆ ಕೇಳಿದರು.

ಬ್ರಾಹ್ಮಿ ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದಲ್ಲಿ ಇಬ್ಬರು ಕಾಲೇಜು ಹುಡುಗರು ದೊಡ್ಡ ಹೆಡ್‌ಫೋನ್ ಹಾಕಿ ಹಾಕಿ ನೋಡುತ್ತಿರುವುದು ಕಾಣಿಸಿತು. ಅವರಲ್ಲೊಬ್ಬ ಇವಳ ಕಡೆಗೇ ನೋಡುತ್ತಿದ್ದ. ನಾನು ಮತ್ತು ನಮ್ಮ ಆಯಿ ಎಂದರೆ ಅವರು ಏನೆಂದುಕೊಂಡಾರು?

“ನಾನ ಒಬ್ಬಾಕಿನ ರಿ” ಎಂದಳು.

“ಹಂಗಾದ್ರ ಫೋರ್ ಕೆ ನಡಿತೈತಿ” ಎಂದರು ಕುಸುಮ.

ಅಪ್ಪ ಬರುವಷ್ಟರಲ್ಲಿ ಆಯ್ಕೆ ಮುಗಿದಿತ್ತು. ವ್ಯಾನಿನಲ್ಲಿ ಜೊತೆಗೆ ತಂದಿದ್ದ ಹಳೆಯ ಮಾನಿಟರನ್ನು ಅಂಗಡಿಯಲ್ಲೇ ಬಿಟ್ಟು ಹೋಗಿ, ನಾವು ಹಾಳಾದ ಸಾಮಾನಿನ ಗಾಡಿಗೆ ಕೊಡುತ್ತೇವೆ ಎಂದರು ಕುಸುಮ. ಬ್ರಾಹ್ಮಿ ಹೊಸ ಡಬ್ಬವನ್ನು ಅಪ್ಪಿ ಹಿಡಿದು ವ್ಯಾನಿಗೆ ಓಡಿದಳು. ಅರ್ಧ ದಾರಿಗೆ ಬಂದಾಗ ಗಿಳಿಯ ಸ್ಟಿಕರ್ ನೆನಪಾಯಿತು. ಹಿಂತಿರುಗಿ ಒಮ್ಮೆ ಕೂಡ ನೋಡದೆ ಬಂದೆನಲ್ಲ ಎಂದುಕೊಂಡಳು. ಅಪ್ಪನಿಗೆ ಹೇಳಲಿಲ್ಲ. ಒಂದು ಸ್ಟಿಕರಿಗಾಗಿ ವ್ಯಾನ್ ತಿರುಗಿಸು ಎನ್ನುವುದಾದರೂ ಹೇಗೆ?

ಮನೆಯಲ್ಲಿ ಸಂಗ್ರಾಮ ಕಾದು ಕೂತಿದ್ದ. ಹೊಸ ಮಾನಿಟರ್ ಹಚ್ಚಿದ ಕೂಡಲೇ ಸೆಟ್ಟಿಂಗಿಗೆ ಹೋಗಿ ಎಲ್ಲವನ್ನೂ ಅತಿ ಹೆಚ್ಚಿಗೆ ಇಟ್ಟ. ಅಕ್ಷರಗಳು ಸಾಸಿವೆಯಷ್ಟು ಸಣ್ಣಗಾದವು. ಇದೇ ನೋಡು ಖರೇ ಫೋರ್ ಕೆ ಎಂದ. ಇಬ್ಬರೂ ಕಾರ್ ರೇಸ್ ಆಡಿದರು. ಒದ್ದೆ ರಸ್ತೆಯಲ್ಲಿ ದೀಪಗಳು ಹೊಳೆಯುತ್ತಿದ್ದವು. “ಲೈ ಭಾರಿ” ಎಂದು ಸಂಗ್ರಾಮ ಹೇಳುತ್ತಲೇ ಇದ್ದ. ಖರೇನೇ ಅದು ಭಾರಿಯಾಗಿತ್ತು.

ಸಂಜೆ ಊಟವಾದ ಮೇಲೆ ಬ್ರಾಹ್ಮಿ ಹೊಲದ ಆಟ ತೆರೆದಳು. ಅವಳಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಹಳೆಯ ಮಾನಿಟರಿನಲ್ಲಿ ಹೊಲದ ಒಂದು ಮೂಲೆ ಮಾತ್ರ ಕಾಣುತ್ತಿತ್ತು. ಉಳಿದದ್ದನ್ನು ನೋಡಬೇಕಾದರೆ ಮೌಸಿನಿಂದ ಸರಿಸಿ ಸರಿಸಿ ಹೋಗಬೇಕಿತ್ತು. ಈಗ ಇಡೀ ಹೊಲ ಒಮ್ಮೆಗೇ ಕಾಣುತ್ತಿತ್ತು. ಆಚೆ ನದಿ, ನದಿಯಾಚೆ ರಸ್ತೆ, ರಸ್ತೆಯ ತುದಿಗೆ ಸಂತೆ. ಇಷ್ಟು ವರ್ಷ ಅವರ ಹೊಲದ ಪಕ್ಕದಲ್ಲೇ ಒಂದು ನದಿ ಇತ್ತೆಂಬುದು ಅವರಿಗೆ ಗೊತ್ತೇ ಇರಲಿಲ್ಲ.

“ಆಯಿ, ನೋಡ, ನಮ್ಮ ಹೊಲದ ಬಾಜೂಕ ಹೊಳಿ ಐತಿ.”

ಆಯಿ ಚಷ್ಮಾ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡಳು. ಮತ್ತೊಮ್ಮೆ ತೆಗೆದು ಒರೆಸಿದಳು. “ಛಂದ ಐತಿ” ಎಂದಳು. ಆ ಸಂಜೆ ಅವಳು ಹೆಚ್ಚು ಮಾತಾಡಲಿಲ್ಲ. ಗೋದಿಯ ಮಡಿಯೊಂದು ಒಣಗಿ ಹೋಯಿತು. ಅದನ್ನೂ ಅವಳು ಹೇಳಲಿಲ್ಲ.

ಮರುದಿನ ಆಯಿ ಕುರ್ಚಿಯನ್ನು ತೀರ ಮುಂದಕ್ಕೆ ತಂದು, ಮೂಗು ಪರದೆಗೆ ತಾಗುವಷ್ಟು ಬಾಗಿ ಕೂತಳು.

“ಆಯಿ, ಅಡ್ಡ ಬರಬ್ಯಾಡ. ನನಗ ಏನೂ ಕಾಣವಲ್ದು” ಎಂದಳು ಬ್ರಾಹ್ಮಿ.

ಆಯಿ ಹಿಂದಕ್ಕೆ ಸರಿದಳು. ಸ್ವಲ್ಪ ಹೊತ್ತು ಕೂತು, ಜಪಕ್ಕೆ ಹೊತ್ತಾಯಿತೆಂದು ಎದ್ದುಹೋದಳು.

ಅದರ ಮಾರನೆಯ ದಿನ ಆಯಿ ಬರಲೇ ಇಲ್ಲ. ಮಂಡಿ ನೋಯುತ್ತಿದೆ ಎಂದಳು. ಇನ್ನೊಂದು ದಿನ ಬಸದಿಯಲ್ಲಿ ಆರತಿ ಇದೆ ಎಂದಳು. ಮತ್ತೊಂದು ದಿನ ಗೋದಿ ಹಸನು ಮಾಡುವುದಿದೆ ಎಂದಳು. ಬ್ರಾಹ್ಮಿಯ ಉದ್ದನೆಯ ಸಂಜೆ ಈಗ ಖರೇನೇ ಉದ್ದವಾಗತೊಡಗಿತು. ಸಂಗ್ರಾಮನೋ, ಆ ಹೊತ್ತಿಗೆ ಟ್ಯೂಷನ್ನಿಗೆ ಹೋಗಿರುತ್ತಿದ್ದ. ಒಬ್ಬಳೇ ಕೂತು ಕಾರ್ ಓಡಿಸಿದಳು. ರಸ್ತೆಯ ಮೇಲಿನ ಹರಳು ಕಾಣುತ್ತಿದ್ದವು, ಅವನ್ನು ತೋರಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಹಳೆಯ ಮಾನಿಟರನ್ನು ಬಿಟ್ಟು ಬಂದದ್ದಕ್ಕೆ ಆಯಿಗೆ ಸಿಟ್ಟು ಬಂದಿದೆ ಎಂದುಕೊಂಡಳು. ಹೊಲದ ಆಟ ತೆರೆದರೆ ಅಲ್ಲಿ ಇನ್ನೂ ಕೆಟ್ಟ ಸುದ್ದಿ ಇತ್ತು. ಗೋದಿ ಹೋಗಿತ್ತು, ಜೋಳ ಹೋಗಿತ್ತು. ಇಷ್ಟು ದಿನ ತಡೆದಿದ್ದ ಕಬ್ಬು ಕೂಡ ಕಂದು ಬಣ್ಣಕ್ಕೆ ತಿರುಗಿತ್ತು.

ಶುಕ್ರವಾರ ಅವಳು ಕಂಪ್ಯೂಟರ್ ಬಿಟ್ಟು ಎದ್ದು ಹೊರಗೆ ಬಂದಳು. ಆಯಿ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಗೋದಿ ಹಸನು ಮಾಡುತ್ತಿದ್ದಳು. ಬ್ರಾಹ್ಮಿ ಪಕ್ಕದಲ್ಲಿ ಕೂತು ನೋಡಿದಳು. ಆಯಿಯ ಕಣ್ಣು ಗೋದಿಯ ಮೇಲಿರಲಿಲ್ಲ, ಬೀದಿಯ ಮೇಲಿತ್ತು. ಬೆರಳುಗಳೇ ಕಾಳಿನ ನಡುವೆ ಓಡಾಡಿ ಹರಳನ್ನು ಹಿಡಿದು ಆಚೆ ಒಗೆಯುತ್ತಿದ್ದವು.

“ನೋಡದs ಹೆಂಗ ಆರಸತಿ ಆಯಿ?”

“ಇಷ್ಟ ಸಣ್ಣದ ಕಣ್ಣಿಗೆ ಕಾಣೂದಿಲ್ಲ ಯವ್ವಾ. ಬೆರಳಿಗೆ ಗೊತ್ತಾಗತೈತಿ.”

ಬ್ರಾಹ್ಮಿ ಮೊರದ ಅಂಚಿಗೆ ಸರಿದ ಕಾಳುಗಳನ್ನು ಒಳಗೆ ತಳ್ಳಿದಳು.

“ನಮ್ಮ ಹೊಲಾ ಪೂರಾ ಒಣಗೇತಿ. ಆವತ್ತ ಗೋದಿ ಬಾಡಿದಾಗ ನೀ ಯಾಕ ಹೇಳಲಿಲ್ಲ?”

ಆಯಿಯ ಬೆರಳು ನಿಂತವು. “ನಿನ್ನ ಹೊಲಾ ಈಗ ಭಾಳ ದೊಡ್ಡದಾಗೇತಿ. ಅಷ್ಟ ದೂರ ನನ್ನ ಕಣ್ಣ ಮುಟ್ಟೂದಿಲ್ಲ” ಎಂದಳು. ಆಮೇಲೆ ನಗುತ್ತ, “ನೀ ಆಡು. ನಾ ಅಡ್ಡ ಯಾಕ?” ಎಂದಳು.

ಸಿಟ್ಟಿನ ಮಾತಾಗಿದ್ದರೆ ಬ್ರಾಹ್ಮಿ ತಡೆದುಕೊಳ್ಳುತ್ತಿದ್ದಳು. ಆಯಿಗೆ ಸಿಟ್ಟೇ ಬಂದಿರಲಿಲ್ಲ. ಮಡಿ ಜಾಸ್ತಿ ಆದಂಗ ಮಡಿ ಸಣ್ಣದಾಗತೈತಿ ಎಂದು ನಿಪ್ಪಾಣಿಯ ಅಕ್ಕ ಹೇಳಿದ್ದು ನೆನಪಾಯಿತು. ಯಾರ ಯಾರ ಕೂಡತೀರಿ ಎಂದು ಕೇಳಿದ್ದೂ, ತಾನು ಹೇಳಿದ್ದೂ ನೆನಪಾಯಿತು. ಮೊರದೊಳಗೆ ಕೈ ಹಾಕಿ, ಇಲ್ಲದ ಹರಳನ್ನು ಹುಡುಕುತ್ತ ಕೂತಳು.

ಮರುದಿನ ಸಂಜೆ ಊಟವಾದ ಕೂಡಲೇ ಅವಳು ಸೆಟ್ಟಿಂಗ್ ತೆರೆದಳು. ರೆಸಲ್ಯೂಷನ್ನಿನ ಉದ್ದನೆಯ ಪಟ್ಟಿ ಬಂತು. ಎಲ್ಲಕ್ಕಿಂತ ಮೇಲಿನದನ್ನೇ ಇಟ್ಟುಕೊಳ್ಳಿ ಎಂದು ಕಂಪ್ಯೂಟರ್ ಸಲಹೆ ಕೊಡುತ್ತಿತ್ತು. ಬ್ರಾಹ್ಮಿ ಒಂದೊಂದೇ ಮೆಟ್ಟಿಲು ಇಳಿದಂತೆ ಕೆಳಗೆ ಹೋದಳು. ಹಳೆಯ ಮಾನಿಟರಿನಲ್ಲಿದ್ದ ಅಂಕಿಯ ಹತ್ತಿರ ಬಂದು ಒತ್ತಿದಳು. ಪರದೆ ಕಪ್ಪಾಯಿತು. ಅವಳ ಕೈ ತಾನಾಗಿಯೇ ಮಾನಿಟರಿನ ಬಲಗೆನ್ನೆಯ ಕಡೆ ಹೋಯಿತು. ಹೊಡೆಯುವ ಮೊದಲೇ ಬೆಳಕು ಬಂತು.

ಅಕ್ಷರಗಳು ದಪ್ಪ ದಪ್ಪಗಾಗಿದ್ದವು. ಹೊಲದ ಆಟ ತೆರೆದರೆ ನದಿ ಇಲ್ಲ, ರಸ್ತೆ ಇಲ್ಲ, ಸಂತೆ ಇಲ್ಲ. ಹೊಲದ ಒಂದು ಮೂಲೆ ಮಾತ್ರ, ಅಂಗೈಯಗಲದ ಮಡಿಗಳು. ಒಣಗಿದವುಗಳ ನಡುವೆ ಎಡಮೂಲೆಯ ಹತ್ತಿರದ ಎರಡು ಮೂರು ಮಡಿ ಮಾತ್ರ ಇನ್ನೂ ಹಸಿರಾಗಿದ್ದವು. ಬ್ರಾಹ್ಮಿಗೆ ನದಿಯನ್ನು ಕಳೆದುಕೊಂಡದ್ದಕ್ಕೆ ಕೆಟ್ಟೆನಿಸಲಿಲ್ಲ ಎಂದಲ್ಲ. ಎನಿಸಿತು. ಆದರೂ ಎದ್ದುಹೋಗಿ ಆಯಿಯ ಕುರ್ಚಿಯನ್ನು ತಂದು ಅದರ ಹಳೆಯ ಜಾಗದಲ್ಲಿಟ್ಟಳು.

“ಮಂಡಿ ನೋವ ಅಂತ ಹೇಳಬ್ಯಾಡ. ಬಾ” ಎಂದು ಆಯಿಯ ಕೈ ಹಿಡಿದು ಕರೆತಂದಳು.

ಅಂದು ಸಂಗ್ರಾಮನಿಗೆ ಟ್ಯೂಷನ್ ಇರಲಿಲ್ಲ. ಖಾರದ ಚುರುಮುರಿಯ, ಭಡಂಗದ ಪೊಟ್ಟಣ ಹಿಡಿದು ಬಾಗಿಲಲ್ಲಿ ಬಂದು ನಿಂತ. ಪರದೆ ನೋಡಿ ಅವನ ಕೈಯಲ್ಲಿದ್ದ ಭಡಂಗ ಕೈಯಲ್ಲೇ ಉಳಿಯಿತು.

“ಏನ ಮಾಡಿದೆ ಬೇ ಇದನ್ನ? ಇಷ್ಟ ಭಾರಿ ಮಾನಿಟರ್ ತಂದು ಹಳೇ ಟೀವಿ ಮಾಡಿಟ್ಟಿ.”

“ರೇಸ್ ಆಡೂ ಮುಂದ ಮ್ಯಾಲ ಏರಸತೀನಿ. ಈಗ ಇದರ ಮುಂದ ನಮ್ಮ ಆಯಿ ಮತ್ತ ನಾ ಕೂಡತೀವಿ” ಎಂದಳು ಬ್ರಾಹ್ಮಿ. ನಿಪ್ಪಾಣಿಯಲ್ಲಿ ಹೇಳದೆ ಬಂದ ಮಾತನ್ನು ಅವಳು ಸ್ವಲ್ಪ ಜೋರಾಗಿಯೇ ಹೇಳಿದಳು.

ಸಂಗ್ರಾಮ ಒಳಗೆ ಬಂದು ನೆಲದ ಮೇಲೆ ಕೂತ. ಒಣಗಿದ ಹೊಲವನ್ನು ನೋಡಿ, ಬಟಾಟಿ ಹಾಕಿದರೆ ಎರಡೇ ದಿನಕ್ಕೆ ಎಲ್ಲ ಸರಿಯಾಗುತ್ತದೆ ಎಂದು ಉಪಾಯ ಹೇಳಿದ. ಆಯಿ ಮತ್ತು ಮೊಮ್ಮಗಳು ಒಟ್ಟಿಗೇ ಅವನ ಕಡೆ ತಿರುಗಿ ನೋಡಿದರು. ಅವನು ಮಾತು ನುಂಗಿ ಭಡಂಗ ತಿನ್ನತೊಡಗಿದ.

ಆಯಿ ಪರದೆಯ ಎಡಮೂಲೆಯಲ್ಲಿ ಏನನ್ನೋ ಹುಡುಕುತ್ತಿದ್ದಳು.

“ನಮ್ಮ ಮೆಣಸಿನಹಣ್ಣ ಎಲ್ಲಿ ಹೋತ?”

ಬ್ರಾಹ್ಮಿಯೂ ಆ ಮೂಲೆಯನ್ನು ನೋಡಿದಳು. ಹೊಸ ಪರದೆಯಲ್ಲಿ ಕೆಟ್ಟ ಚುಕ್ಕೆ ಒಂದೂ ಇರಲಿಲ್ಲ. ಆ ಚುಕ್ಕೆ, ಗಿಳಿಯ ಸ್ಟಿಕರ್, ಹಳದಿ ಅಂಚು ಎಲ್ಲ ನಿಪ್ಪಾಣಿಯಿಂದ ಇನ್ನೆಲ್ಲಿಗೋ ಹೋಗಿರಬೇಕು. ಅವಳು ಬೀಜದ ಚೀಲ ತೆರೆದು ಮೆಣಸಿನ ಬೀಜ ಆರಿಸಿ, ಎಡಮೂಲೆಯ ಮಡಿಯಲ್ಲಿ ಊರಿದಳು.

“ತಡಿ ಆಯಿ. ಇಲ್ಲೇ ಬರತೈತಿ.”

“ಬರತೈತಿ, ಬರತೈತಿ” ಎಂದಳು ಆಯಿ. ಕುರ್ಚಿಯಲ್ಲಿ ಆರಾಮಾಗಿ ಹಿಂದಕ್ಕೆ ಒರಗಿ, ಕೂತಲ್ಲಿಂದಲೇ ಬೆರಳು ಚಾಚಿದಳು. “ಮೊದಲ ಅದರ ಬಾಜೂ ಮಡಿಗೆ ನೀರ ಬಿಡು. ಬಾಡಾಕತ್ತೇತಿ.”

ಬ್ರಾಹ್ಮಿ ಕಣ್ಣು ಕಿರಿದು ಮಾಡಿ ನೋಡಿದಳು. ಅವಳಿಗೆ ಆ ಮಡಿಯೂ ಪಕ್ಕದ ಮಡಿಯೂ ಒಂದೇ ಹಸಿರಾಗಿ ಕಂಡವು. ಆದರೂ ನೀರು ಬಿಟ್ಟಳು.